ಕವಡಿಯ ಸದ್ದು ಯಾರದು?

ಪಂಚಮಿಗೆ ಇನ್ನೂ ಎಂಟು ದಿನ ಇರುವಾಗ ಬೆಂಗಳೂರಿನಿಂದ ತಮ್ಮನ ಮಗಳ ಫೋನು ಬಂತು. ಹಬ್ಬಕ್ಕೆ ಬರುತ್ತೇನೆ, ಎಳ್ಳುಂಡಿ ಕಟ್ಟಿಡು ಎನ್ನಲು ಫೋನು ಮಾಡಿರಬೇಕು ಅಂದುಕೊಂಡೆ. ಆಕೆ ಕೇಳಿದ್ದೇ ಬೇರೆ.

"ಅತ್ತಿ, ಅಜ್ಜಿ ಚೌಕಾಬಾರ ಆಡಿದ್ದ ಕ್ಯಾಸೆಟ್ ನಿನ್ನ ಹತ್ರ ಐತಲ್ಲ, ಅದು ಬೇಕು. ಅದರ ಜೋಡಿ ನಿನ್ನ ಲೈಸೆನ್ಸೂ ಬೇಕು."

ಲೈಸೆನ್ಸು ಎಂದರೆ ನನಗೆ ಗೊತ್ತಿದ್ದದ್ದು ಎರಡೇ. ಒಂದು ನಮ್ಮ ಯಜಮಾನರ ಸ್ಕೂಟರಿನದು. ಇನ್ನೊಂದು ಗಂಗಾವತಿಯ ಎಪಿಎಂಸಿಯಲ್ಲಿ ನಮ್ಮ ಮಾವನವರು ಇಟ್ಟಿದ್ದ ಭತ್ತದ ದಲಾಲಿ ಅಂಗಡಿಯದು, ಚೌಕಟ್ಟು ಹಾಕಿಸಿ ಲಕ್ಷ್ಮಿಯ ಪಟದ ಪಕ್ಕದಲ್ಲೇ ತೂಗುಹಾಕಿದ್ದರು. ಸತ್ತುಹೋದ ಅವ್ವನ ದನಿಗೆ ಎಂಥ ಲೈಸೆನ್ಸು?

ಆಕೆ ಬಿಡಿಸಿ ಹೇಳಿದಳು. ನಾಲ್ಕು ಜನ ಗೆಳತಿಯರು ಸೇರಿ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಆಡುವಂಥ ಚೌಕಾಬಾರ ಮಾಡಿದ್ದಾರೆ. ಅದು ಓಪನ್ ಸೋರ್ಸ್ ಆಟ. ಹಾಗೆಂದರೆ ಆಟವನ್ನು ನಡೆಸುವ ಬರಹ, ಅವರು ಕೋಡ್ ಎನ್ನುತ್ತಾರಲ್ಲ, ಅದನ್ನು ಬಚ್ಚಿಡುವುದಿಲ್ಲ. ಯಾರು ಬೇಕಾದರೂ ತೆಗೆದು ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು. ಕೋಡ್ ಬರೆದು ಮುಗಿದಿದೆ. ತೊಡಕಾಗಿರುವುದು ಕಾಯಿಗಳ ಚಿತ್ರಕ್ಕೆ ಮತ್ತು ಕವಡಿಯ ಸದ್ದಿಗೆ. "ಕೋಡ್ ನಾವು ಬರ್ದದ್ದು ಅತ್ತಿ, ಅದನ್ನ ನಾವು ಕೊಡಬಹುದು. ಚಿತ್ರ, ಸದ್ದು ನಮ್ಮವಲ್ಲ. ನಮ್ಮದಲ್ಲದ್ದನ್ನ ನಾವು ಹೆಂಗ ಕೊಡೋದು?"

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮೂವತ್ತು ವರ್ಷ ಶಾಲೆಯಲ್ಲಿ ಇತಿಹಾಸ ಕಲಿಸಿದವಳು ನಾನು. ಯಾವ ರಾಜ ಯಾರಿಗೆ ಯಾವ ಊರು ದತ್ತಿ ಬಿಟ್ಟ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆಯೇ ಹೊರತು, ಆ ಊರು ಅವನದಾಗಿತ್ತೇ ಎಂದು ಒಮ್ಮೆಯೂ ಕೇಳಿರಲಿಲ್ಲ.

ಚೌಕಾಬಾರ ಯಾರದು ಎಂದು ಕೇಳಿದರೆ ನಗು ಬರುತ್ತದೆ. ಐದು ಸಾಲು, ಐದು ಕಂಬ, ಇಪ್ಪತ್ತೈದು ಮನೆ. ನಾಲ್ಕು ಕವಡಿ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ. ನೀವೂ ಆಡಿರುತ್ತೀರಿ, ಮಧ್ಯಾಹ್ನ ಅಡಿಗೆಮನೆ ತೊಳೆದ ಮೇಲೆ, ಬಳೆಚೂರನ್ನೋ ಹುಣಸೆಬೀಜವನ್ನೋ ಕಾಯಿ ಮಾಡಿಕೊಂಡು. ಆನೆಗೊಂದಿಯಿಂದ ಹೊಳೆ ದಾಟಿ ಹಂಪಿಗೆ ಹೋದರೆ ಮಂಟಪಗಳ ನೆಲಗಲ್ಲಿನಲ್ಲಿ ಇಂಥ ಮನೆಗಳನ್ನು ಕೊರೆದದ್ದು ಕಾಣುತ್ತದೆ. ಯಾರೋ ಬಿಸಿಲಿಗೆ ಒರಗಿ ಕೂತವರು ಕೊರೆದದ್ದು. ಅವರು ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ಇಂದಿನ ಕಾನೂನೂ ಕೇಳು ಎನ್ನುವುದಿಲ್ಲ. ಕೃತಿಸ್ವಾಮ್ಯ ಇರುವುದು ವಿಚಾರಕ್ಕಲ್ಲ, ಅದನ್ನು ಮೂಡಿಸಿದ ರೂಪಕ್ಕೆ. ಒಂದು ನಾಟಕಕ್ಕೂ ಒಂದು ಸಿನಿಮಾಕ್ಕೂ ಬಿದ್ದ ಜಗಳದಲ್ಲಿ ಸುಪ್ರೀಂ ಕೋರ್ಟು 1978ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು. ಆಟದ ನಿಯಮ ಯಾರ ಸ್ವತ್ತೂ ಅಲ್ಲ. ಆದರೆ ಆ ಆಟಕ್ಕೆ ಬರೆದ ಚಿತ್ರ ಬರೆದವರದು.

ಮೈಸೂರಿನ ಗಂಜೀಫಾ ಎಲೆಗಳನ್ನು ನೆನೆಸಿಕೊಳ್ಳಿ. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಛದ ಆಟಗಳನ್ನೇ ಕಟ್ಟಿದರು, ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಅವುಗಳ ವಿವರವಿದೆ. ಆಟ ಕಟ್ಟಿದ ಅರಸರ ಹೆಸರು ಉಳಿದಿದೆ. ಅಂಗೈಯಗಲದ ಎಲೆಯ ಮೇಲೆ ಕೂದಲೆಳೆಯ ಕುಂಚದಿಂದ ದೇವರುಗಳನ್ನು ಬರೆದು ಕಣ್ಣು ಸವೆಸಿಕೊಂಡವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಪಶ್ಚಿಮದ ಕಂಪ್ಯೂಟರಿನವರಿಗೂ ಇದೇ ಗಂಟು ಎದುರಾಯಿತಂತೆ. ತಮ್ಮನ ಮಗಳು ಹೇಳಿದ ಕಥೆ ಇದು. ಅಮೆರಿಕದಲ್ಲಿ ಡೂಮ್ ಎಂಬ ಆಟ 1993ರಲ್ಲಿ ಬಂತು, ಹುಡುಗರು ಹುಚ್ಚೆದ್ದು ಆಡಿದರು. 1997ರ ಡಿಸೆಂಬರಿನಲ್ಲಿ ಅದನ್ನು ಮಾಡಿದ ಕಂಪನಿ ಅದರ ಕೋಡನ್ನು ಲೋಕಕ್ಕೆ ಬಿಟ್ಟುಕೊಟ್ಟಿತು. (ಅದೇ ವರ್ಷ ಆಗಸ್ಟಿನಲ್ಲಿ ನಮ್ಮ ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾಗಿತ್ತು. ನಮಗೆ ಆಗ ಅದೇ ದೊಡ್ಡ ಸುದ್ದಿ.) ಕೋಡ್ ಕೊಟ್ಟರು, ಚಿತ್ರ ಮತ್ತು ಸದ್ದು ಕೊಡಲಿಲ್ಲ. ಅಂದರೆ ಒಲೆ ಕೊಟ್ಟು ಹಿಟ್ಟು ಕೊಡದ ಹಾಗೆ. ಆಗ ಫ್ರೀಡೂಮ್ ಎಂದು ಹೆಸರಿಟ್ಟುಕೊಂಡು ಒಂದಷ್ಟು ಜನ ಪ್ರತಿ ಗೋಡೆ, ಪ್ರತಿ ರಾಕ್ಷಸ, ಪ್ರತಿ ಗುಂಡಿನ ಸದ್ದನ್ನು ಹೊಸದಾಗಿ ಮಾಡಲು ಕೂತರು. ವರ್ಷಗಟ್ಟಲೆ ಹಿಡಿಯಿತು. ಎಲ್ಲಿಂದಲೋ ಕದ್ದು ಹಾಕಿದ್ದರೆ ಒಂದು ರಾತ್ರಿಯ ಕೆಲಸ. ಕದ್ದ ಒಂದೇ ಒಂದು ಚಿತ್ರ ಒಳಗೆ ಸೇರಿದರೂ ಇಡೀ ಆಟವನ್ನು ಯಾರೂ ನೆಮ್ಮದಿಯಿಂದ ಹಂಚುವಂತಿಲ್ಲ.

ಇನ್ನು ಕಾನೂನಿನ ಕಥೆ. ಇಂಗ್ಲೆಂಡಿನಲ್ಲಿ 1710ರಲ್ಲಿ ಆನ್ ರಾಣಿಯ ಕಾಲಕ್ಕೆ ಜಾರಿಗೆ ಬಂದ ಕಾಯಿದೆ, ಹಕ್ಕು ಪುಸ್ತಕ ಬರೆದವನಿಂದ ಶುರುವಾಗುತ್ತದೆ ಎಂದಿತು. ಕಂಪನಿ ಸರಕಾರ 1847ರಲ್ಲಿ ಅದನ್ನು ಇಲ್ಲಿಗೆ ತಂದಿತು, 1914ರಲ್ಲಿ ಇನ್ನೊಂದು ಬಂತು, ಸ್ವತಂತ್ರ ಭಾರತದ್ದು 1957ರ ಕಾಯಿದೆ. ಮೊದಲು ಲೇಖಕ ತೀರಿಕೊಂಡ ಐವತ್ತು ವರ್ಷಗಳವರೆಗೆ ಹಕ್ಕು ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರರ ಕೃತಿಗಳ ಗಡುವು ಮುಗಿಯುತ್ತ ಬಂದಾಗ ಗದ್ದಲವೆದ್ದು, 1992ರಲ್ಲಿ ಅರವತ್ತಾಯಿತು. ಕಂಪ್ಯೂಟರ್ ಪ್ರೋಗ್ರಾಮು 1984ರ ತಿದ್ದುಪಡಿಯಿಂದ ಈ ಕಾಯಿದೆಯೊಳಗೆ ಬಂತು. ಹಾಡುವವರಿಗೆ, ಕುಣಿಯುವವರಿಗೆ, ಬಯಲಾಟದವರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕಿದೆ ಎಂದು ಒಪ್ಪಿಕೊಳ್ಳಲು 1994ರ ತಿದ್ದುಪಡಿಯೇ ಬರಬೇಕಾಯಿತು.

ಈ ಬೇಲಿಯೊಳಗಿಂದಲೇ ಒಂದು ಬಾಗಿಲು ತೆಗೆದವರೂ ಇದ್ದಾರೆ. ರಿಚರ್ಡ್ ಸ್ಟಾಲ್‌ಮನ್ ಎಂಬಾತ 1989ರಲ್ಲಿ ಒಂದು ಪರವಾನಗಿ ಬರೆದ: ನನ್ನ ಪ್ರೋಗ್ರಾಮು ತೆಗೆದುಕೊಳ್ಳಿ, ತಿದ್ದಿ, ಹಂಚಿ, ಬೇಕಾದರೆ ಮಾರಿ, ಆದರೆ ನೀವು ಹಂಚುವಾಗ ತೆಗೆದುಕೊಂಡವರಿಗೂ ಇದೇ ಸ್ವಾತಂತ್ರ್ಯ ಇರಬೇಕು. ಚಿತ್ರ, ಸಂಗೀತ, ಬರಹಗಳಿಗೆ ಅಂಥದ್ದೇ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು 2002ರಲ್ಲಿ ಬಂದವು. ಕನ್ನಡದಲ್ಲೂ ಇದು ನಡೆದಿದೆ. 2014ರಲ್ಲಿ ನಿರಂಜನರ ಕೃತಿಗಳನ್ನು ಅವರ ಮನೆಯವರು ಹೀಗೆ ಬಿಟ್ಟುಕೊಟ್ಟರು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನೂ ಬಿಟ್ಟಿತು. ನಾನು ತಿಳಿದದ್ದು ಬಿಟ್ಟಿ ಎಂದರೆ ಒಡೆಯರಿಲ್ಲದ್ದು ಎಂದು. ಹಾಗಲ್ಲವಂತೆ. ಒಡೆಯರಿದ್ದು, ಅವರು ಕೈಯಾರೆ ಕೊಟ್ಟದ್ದು. ಒಡೆಯರು ಯಾರೆಂದು ಗೊತ್ತಾಗದಿದ್ದರೆ ಕೊಟ್ಟವರೂ ಇಲ್ಲ.

ಕಾಯಿಗಳ ಚಿತ್ರಕ್ಕೆ ಕಿನ್ನಾಳದ ಗೊಂಬೆಗಳೇ ಆಗಬೇಕೆಂದು ಹುಡುಗಿಯರ ಆಸೆ. ಹಬ್ಬಕ್ಕೆ ಬಂದವಳನ್ನು ಕರೆದುಕೊಂಡು ಕೊಪ್ಪಳದಿಂದ ಬಸ್ಸು ಹತ್ತಿ ಹೋದೆ. ನನಗೆ ಪರಿಚಯದ ಹಿರಿಯ ಚಿತ್ರಗಾರರೊಬ್ಬರ ಮನೆ. ಪಡಸಾಲೆಯಲ್ಲಿ ಅರ್ಧ ಬಣ್ಣ ಹಚ್ಚಿದ ಕುದುರೆ, ಗಿಳಿ, ಆನೆ, ಹಸು. ಗೋಡೆಗೆ ಒರಗಿಸಿಟ್ಟ, ಇನ್ನೂ ರೆಕ್ಕೆ ಕೂಡಿಸದ ಒಂದು ಗರುಡ. ಅವರ ಹೆಂಡತಿ ಅಂಗಳದಲ್ಲಿ ಕೂತು ಹುಣಸೆಬೀಜದ ಅಂಟಿಗೆ ಮರದ ಹುಡಿ, ಸೆಣಬಿನ ಚಿಂದಿಯ ಪುಡಿ ಕಲಸಿ ಕಿಟ್ಟ ನಾದುತ್ತಿದ್ದರು. ಗೊಂಬೆಯ ಬಿಡಿಭಾಗಗಳನ್ನು ಕೂಡಿಸಿ ಸಂದು ಮುಚ್ಚುವುದು ಇದೇ ಕಿಟ್ಟದಿಂದ. ಅದು ಸಡಿಲಾದರೆ ಗೊಂಬೆ ವರ್ಷದಲ್ಲೇ ಬಿರುಕು ಬಿಡುತ್ತದೆ ಎಂದು ಅವರೇ ಹೇಳಿದರು. ಹಂಪಿಯ ವಿರೂಪಾಕ್ಷನ ಗುಡಿಯ ಸೂರಿನ ಚಿತ್ರ ಬರೆದವರು ತಮ್ಮ ಹಿರಿಯರೇ ಎಂದು ಈ ಮನೆತನಗಳು ಹೇಳಿಕೊಂಡು ಬಂದಿವೆ.

ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಚನ್ನಪಟ್ಟಣದ ಗೊಂಬೆ, ಇಳಕಲ್ಲ ಸೀರೆ, ಮೈಸೂರಿನ ಗಂಜೀಫಾ ಎಲೆಗಳಿಗೆ ಇರುವ ಹಾಗೆಯೇ. 1999ರ ಕಾಯಿದೆ ಅದು. ಅದು ಕಾಯುವುದು ಊರಿನ ಹೆಸರನ್ನು. ಬೇರೆಲ್ಲೋ ಮಾಡಿದ ಗೊಂಬೆಯನ್ನು 'ಕಿನ್ನಾಳದ್ದು' ಎಂದು ಮಾರುವಂತಿಲ್ಲ. ಆದರೆ ಈ ಗೊಂಬೆಯ ಫೋಟೋ ತೆಗೆದು ಹೆಸರೇ ಹೇಳದೆ ಕ್ಯಾಲೆಂಡರಿಗೆ ಹಾಕಿಕೊಂಡರೆ ಆ ಕಾಯಿದೆ ಸುಮ್ಮನಿರುತ್ತದೆ. ಹಾಗಾದದ್ದೂ ಇದೆ. ಯಾರೋ ಹಾಗೆ ಅಚ್ಚು ಹಾಕಿಸಿದ ಒಂದು ಕ್ಯಾಲೆಂಡರು ಅವರ ಮನೆಯ ಗೋಡೆಯಲ್ಲೇ ತೂಗುತ್ತಿತ್ತು.

"ಫೋಟೋ ಹೊಡಕೊಳ್ಳಾಕ ಭಾಳ ಮಂದಿ ಬರ್ತಾರ್ರೀ ಅಕ್ಕಾರ. ಕಾಗದ ತಂದು ಕೇಳಿದವ್ರು ನೀವs ಮೊದಲನೇದವ್ರು," ಎಂದು ಅವರು ನಕ್ಕರು.

ಫೋಟೋದ ಹಕ್ಕು ಕಾನೂನಿನಲ್ಲಿ ಫೋಟೋ ತೆಗೆದವರದು. ಆದರೆ ಫೋಟೋದೊಳಗಿನ ಗೊಂಬೆ ಇನ್ನೊಬ್ಬರ ಕೈಯ ಕಲಾಕೃತಿ. ಊರ ಚೌಕದಲ್ಲಿ ಕಾಯಮ್ಮಾಗಿ ನಿಲ್ಲಿಸಿದ ಮೂರ್ತಿಯಾದರೆ ಯಾರು ಬೇಕಾದರೂ ಚಿತ್ರ ತೆಗೆಯಬಹುದು. ಮನೆಯ ಪಡಸಾಲೆಯ ಗೊಂಬೆಗೆ ಆ ವಿನಾಯಿತಿ ಇಲ್ಲ. ಆದ್ದರಿಂದ ಇಬ್ಬರ ಒಪ್ಪಿಗೆಯೂ ಬೇಕು. ತಮ್ಮನ ಮಗಳು ಕಾಗದದಲ್ಲಿದ್ದದ್ದನ್ನು ಕನ್ನಡದಲ್ಲಿ ಓದಿ ಹೇಳಿದಳು. ಹೆಸರು ಹಾಕಬೇಕು. ಬದಲಾಯಿಸಬಹುದು, ಬದಲಾಯಿಸಿದ್ದನ್ನೂ ಇದೇ ಕರಾರಿನಲ್ಲೇ ಹಂಚಬೇಕು. ಮಾರಬಹುದು. ಒಮ್ಮೆ ಕೊಟ್ಟ ಮೇಲೆ ಹಿಂದಕ್ಕೆ ಪಡೆಯುವಂತಿಲ್ಲ.

ಅವರು ಬಹಳ ಹೊತ್ತು ಗರುಡನನ್ನೇ ನೋಡುತ್ತ ಕೂತರು. ಆಮೇಲೆ, "ಕುದುರಿ, ಆನಿ, ಗಿಳಿ, ಆಕಳ, ನಾಕೂ ತಗೋರಿ. ದೇವರನ್ನ ಬ್ಯಾಡ. ಆಟದಾಗ ಕಾಯಿ ಕಡೀತಾರ. ಗರುಡನ್ನ ಕಡಿಯಾಕ ನಾ ಹೆಂಗ ಕೊಡ್ಲಿ?" ಅಂದರು. ಬದಲಾಯಿಸಬಹುದು ಎಂಬ ಒಂದು ಮಾತಿನಲ್ಲಿ ಏನೆಲ್ಲ ಅಡಗಿದೆ ಎಂಬುದನ್ನು ಅವರು ನಮಗಿಂತ ಚೆನ್ನಾಗಿ ಅರಿತಿದ್ದರು. ಹೆಸರಿನ ಜಾಗದಲ್ಲಿ ಅವರು ತಮ್ಮ ಹೆಸರು ಬರೆದು ಪೆನ್ನು ಹಿಂದಕ್ಕೆ ಕೊಡುವಾಗ ತಮ್ಮನ ಮಗಳು, "ಅಮ್ಮಾರದೂ ಬರೀರಿ, ಕಿಟ್ಟ ಅವರದಲ್ಲೇನ್ರೀ?" ಎಂದಳು. ಕಿಟ್ಟದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಆ ತಾಯಿ "ನಂದ್ಯಾಕವ್ವ" ಎಂದು ಒಳಗೆ ಹೋಗಿಬಿಟ್ಟರು. ಗಂಡ ಮಾತ್ರ ಬರೆದರು. ಅದರ ಕೆಳಗೆ ದಪ್ಪಕ್ಷರದಲ್ಲಿ 'ಕಿನ್ನಾಳ' ಎಂದೂ ಬರೆದರು. ದುಡ್ಡನ್ನು ಗೊಂಬೆಗಳಿಗೆ ತೆಗೆದುಕೊಂಡರು, ಚಿತ್ರಕ್ಕೆ ಬೇಡವೆಂದರು. ಹುಡುಗಿಯರು ಒತ್ತಾಯ ಮಾಡಿ ಅದಕ್ಕೂ ಒಂದಿಷ್ಟು ಕೊಟ್ಟದ್ದು ನನಗೆ ಸರಿಯೆನಿಸಿತು. ಪುಕ್ಕಟೆ ಹಂಚುವವರು ಪುಕ್ಕಟೆ ಪಡೆಯಲೇಬೇಕೆಂದೇನೂ ಇಲ್ಲವಲ್ಲ.

ಗೊಂಬೆಗಿಂತ ಕ್ಯಾಸೆಟ್ಟಿನ ಕೆಲಸವೇ ಕಠಿಣವಾಯಿತು.

1996ರ ಪಂಚಮಿ. ಕುಷ್ಟಗಿಯ ತವರುಮನೆಗೆ ನಾವು ಅಕ್ಕ ತಂಗಿ ಇಬ್ಬರೂ ಬಂದಿದ್ದೆವು. ಶಾಲೆಯಿಂದ ಕೇಳಿ ತಂದಿದ್ದ ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತಿ ಅವ್ವನ ಹಿಂದೆ ಇಟ್ಟಿದ್ದೆ. ಅದರಲ್ಲಿ ಕಲ್ಲಿನ ನೆಲದ ಮೇಲೆ ಕವಡಿ ಉರುಳುವ ಸದ್ದಿದೆ, "ಚೌಕಾ!" "ಬಾರಾ!" ಎಂದು ಅವ್ವ ಕೂಗುವುದಿದೆ, ಸೋತ ಅಕ್ಕನ ಜಗಳವಿದೆ, ಹಿತ್ತಲಿನ ಎಮ್ಮೆಯೂ ಇದೆ. ಇನ್ನೊಂದು ಬದಿಯಲ್ಲಿ ಜೋಕಾಲಿ ಜೀಕುತ್ತ ಅವ್ವ ಹಾಡಿದ ಹಾಡು. ಅವ್ವ 2009ರಲ್ಲಿ ತೀರಿಕೊಂಡಳು. ಆ ಮೇಲೆ ಆ ಕ್ಯಾಸೆಟ್ಟನ್ನು ನಾನು ಎರಡೇ ಸಲ ಕೇಳಿದ್ದೇನೆ.

ತಮ್ಮನಿಗೆ ಗೊತ್ತಿದ್ದ ವಕೀಲರನ್ನು ಕೇಳಿದೆವು. ಅವರು ಹೇಳಿದ್ದು ಕೇಳಿ ನನಗೆ ಮೈ ಜುಮ್ಮೆಂದಿತು. ಧ್ವನಿಮುದ್ರಣದ ಹಕ್ಕು ಕಾನೂನಿನ ಲೆಕ್ಕದಲ್ಲಿ ಅದನ್ನು ಮಾಡಿದವರದು. ಅಂದರೆ ಗುಂಡಿ ಒತ್ತಿದ ನನ್ನದು. ಹಾಡಿದವಳು ಅವ್ವ, ಹಕ್ಕು ನನಗೆ! ಹಾಡಾದರೆ ಅವ್ವನದೂ ಅಲ್ಲ, ಅವಳ ಅವ್ವನ ಕಾಲದ್ದು, ಯಾರದೂ ಅಲ್ಲ. 1994ರ ತಿದ್ದುಪಡಿ ಇರದಿದ್ದರೆ ಆ ಕ್ಯಾಸೆಟ್ಟಿನಲ್ಲಿ ಅವ್ವನದು ಎನ್ನುವಂಥದ್ದು ಕಾನೂನಿಗೆ ಏನೂ ಸಿಗುತ್ತಿರಲಿಲ್ಲ. ಅದರ ದೆಸೆಯಿಂದ ಹಾಡಿದವಳ ಹಕ್ಕು ಐವತ್ತು ವರ್ಷ, 2046ರವರೆಗೆ. ಅವಳಿಲ್ಲದ ಮೇಲೆ ಮೂವರು ಮಕ್ಕಳೂ ಸಹಿ ಮಾಡಿದರೆ ಒಳ್ಳೆಯದು ಎಂದರು. ತಮ್ಮ ಕೊಪ್ಪಳದಲ್ಲಿ ಅಲ್ಲೇ ಸಹಿ ಹಾಕಿದ. ಉಳಿದವಳು ಯಲಬುರ್ಗಿಯ ಅಕ್ಕ.

ಅಕ್ಕ ಕಾಗದವನ್ನು ಮುಟ್ಟಲೇ ಇಲ್ಲ.

"ಮಾರಬಹುದು ಅಂತ ಬರ್ದೈತಲ್ಲ ಇದರಾಗ. ನಮ್ಮವ್ವನ ದನೀನ ಯಾರೋ ಮಾರಕೊಂಡು ತಿಂತಾರಂದ್ರ ನೀ ಸುಮ್ಮನಿರ್ತಿಯೇನs?"

ಮಾರದ ಹಾಗೆ ಕರಾರು ಹಾಕುವ ಇನ್ನೊಂದು ಬಗೆಯ ಪರವಾನಗಿಯೂ ಇದೆ. ಆದರೆ ಅದನ್ನು ಹಾಕಿದರೆ ಆಟ ಸ್ವತಂತ್ರ ಅನ್ನಿಸಿಕೊಳ್ಳುವುದಿಲ್ಲವಂತೆ. ಹತ್ತು ರೂಪಾಯಿ ತೆಗೆದುಕೊಂಡು ಆಟವನ್ನು ಡಿಸ್ಕಿಗೆ ಹಾಕಿಕೊಡುವ ಅಂಗಡಿಯವನೂ ತಪ್ಪಿತಸ್ಥನಾಗುತ್ತಾನೆ. ತಮ್ಮನ ಮಗಳು ಇದನ್ನೆಲ್ಲ ತಾಳ್ಮೆಯಿಂದ ಹೇಳಿದಳು. ಅಕ್ಕ ಕೇಳಿದಳು, ಒಪ್ಪಲಿಲ್ಲ.

ಅವಳ ಹಟದ ಬೇರು ನನಗೆ ಗೊತ್ತಿತ್ತು. ಬಹಳ ವರ್ಷಗಳ ಹಿಂದೆ ಒಬ್ಬರು ಬಂದು ನಮ್ಮ ಪಡಸಾಲೆಯಲ್ಲಿ ಎರಡು ದಿನ ಕೂತು ಅವ್ವನ ಹಾಡುಗಳನ್ನು ಬರೆದುಕೊಂಡು ಹೋಗಿದ್ದರು. ಅವ್ವ ಹೋಳಿಗೆ ಮಾಡಿ ಬಡಿಸಿದ್ದಳು. ಪುಸ್ತಕ ಬಂದಾಗ ರಟ್ಟಿನ ಮೇಲೆ ಅವರ ಹೆಸರಿತ್ತು, ಒಳಗೆ ಅಡಿಯಲ್ಲಿ ಸಣ್ಣಕ್ಷರದಲ್ಲಿ 'ಕುಷ್ಟಗಿಯ ಒಬ್ಬ ಮುದುಕಿಯಿಂದ' ಎಂದಿತ್ತು. ಅವ್ವನಿಗೆ ಆಗ ನಲವತ್ತೆಂಟು. ಅವಳು ಓದಿಸಿಕೊಂಡು ನಕ್ಕಳು, "ಮುದುಕಿ ಆದ್ನೇನs ನಾ" ಎಂದು. ಅಕ್ಕ ನಗಲಿಲ್ಲ. ಇಂದಿಗೂ ನಕ್ಕಿಲ್ಲ.

ಊಟಕ್ಕೆ ಕೂತಾಗ ನಾನು ಶಾಲೆಯ ಪಾಠದಂತೆ ಗವಿಮಠದ ಬಂಡೆಯ ಮಾತೆತ್ತಿದೆ. ಅಕ್ಕನೂ ನಾನೂ ಚಿಕ್ಕವರಿದ್ದಾಗ ಜಾತ್ರೆಗೆ ಹೋದಾಗೆಲ್ಲ ನೋಡಿದ್ದು ಅದು. ಅಶೋಕನ ಒಂದೇ ಸಂದೇಶವನ್ನು ಹಲವು ಊರಿನ ಬಂಡೆಗಳ ಮೇಲೆ ಪ್ರತಿ ಮಾಡಿದರು. ಕೊಪ್ಪಳದಲ್ಲಿ ಗವಿಮಠ, ಪಾಲ್ಕಿಗುಂಡು ಎರಡು ಕಡೆ ಇದ್ದದ್ದು 1931ರಲ್ಲಿ ಬೆಳಕಿಗೆ ಬಂತು. ಅಷ್ಟು ಕಡೆ ಬರೆದವರಲ್ಲಿ ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯ ಶಾಸನ ಬರೆದವನೊಬ್ಬ ಕೊನೆಯಲ್ಲಿ ತನ್ನ ಹೆಸರು ಹಾಕಿಕೊಂಡ, ಚಪಡ ಎಂದು. ಅದರಲ್ಲೂ ಕೊನೆಯ ಪದವನ್ನು ಇಲ್ಲಿ ಯಾರೂ ಓದಲಾರದ ಖರೋಷ್ಠಿ ಲಿಪಿಯಲ್ಲಿ ಬರೆದ. ನಮ್ಮ ಗವಿಮಠದ ಬಂಡೆಗೆ ಬರೆದವನ ಹೆಸರಿಲ್ಲ. "ಅಕ್ಕ, ಈ ಕಾಗದದ ಮೊದಲನೇ ಕರಾರೇ ಹೆಸರು. ಹೆಸರು ತೆಗೆದು ಮಾರಿದರೆ ಅವರಿಗೆ ಇದನ್ನು ಬಳಸುವ ಹಕ್ಕೇ ಹೋಗುತ್ತದೆ," ಎಂದೆ.

ಅಕ್ಕ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರ. ನಮ್ಮನ್ನ ಕೊಟ್ಟಾಗ ಹೆಸರೂ ಹೋತು. ಇದರಾಗ ಕೊಟ್ಟ ಮ್ಯಾಲೂ ಹೆಸರು ಇರ್ತೈತೇನು?"

"ಇರ್ತೈತಿ ದೊಡ್ಡತ್ತಿ," ಎಂದಳು ತಮ್ಮನ ಮಗಳು. "ಹತ್ತು ಕೈ ದಾಟಿದ್ರೂ ಇರಬೇಕು."

"ಯಾವ ಹೆಸರು ಹಾಕ್ತಿ?"

ಪ್ರಶ್ನೆ ಅರ್ಥವಾಗದೆ ಹುಡುಗಿ ನನ್ನ ಮುಖ ನೋಡಿದಳು. ನಮ್ಮ ಕಡೆ ಮದುವೆಯಾದ ಹೆಣ್ಣಿಗೆ ಗಂಡನ ಮನೆಯವರು ಬೇರೆ ಹೆಸರಿಡುವ ಪದ್ಧತಿ ಇತ್ತು. ಅವ್ವನ ರೇಷನ್ ಕಾರ್ಡು, ಮತದಾರರ ಪಟ್ಟಿ, ಮರಣಪತ್ರ ಎಲ್ಲದರಲ್ಲೂ ಇದ್ದದ್ದು ಹದಿನಾಲ್ಕನೆಯ ವಯಸ್ಸಿನಲ್ಲಿ ಅಕ್ಕಿಯ ಮೇಲೆ ಬರೆಸಿದ ಆ ಹೆಸರು. ಹುಟ್ಟಿದಾಗ ಇಟ್ಟ ಹೆಸರಿನಿಂದ ಅವಳನ್ನು ಕರೆಯುತ್ತಿದ್ದವರು ಅವಳ ಅಣ್ಣಂದಿರು ಮಾತ್ರ, ಅದೂ ಪಂಚಮಿಗೆ ಕರೆಯಲು ಬಂದಾಗ. ತಮ್ಮನ ಮಗಳಿಗೆ ಆ ಹೆಸರೇ ಗೊತ್ತಿರಲಿಲ್ಲ.

ಅಕ್ಕ ಎರಡು ಕರಾರು ಹಾಕಿದಳು. ಜೋಕಾಲಿಯ ಹಾಡು ಕೊಡುವುದಿಲ್ಲ, ಅದು ನಮ್ಮ ಮನೆಯೊಳಗೇ ಇರಲಿ. ಕವಡಿಯ ಸದ್ದು, ಚೌಕ, ಬಾರ ಇಷ್ಟನ್ನೇ ತೆಗೆದುಕೊಳ್ಳಬೇಕು. ಹೆಸರು ತವರಿನದೇ ಇರಬೇಕು. ಆಮೇಲೆ ಕೈ ತೊಳೆದು, ಕನ್ನಡಕ ಹುಡುಕಿಸಿ, ಸಹಿ ಹಾಕಿದಳು. ಹಾಡು ಸಿಗದೆ ಹುಡುಗಿಯ ಮುಖ ಸ್ವಲ್ಪ ಬಾಡಿತು. ನನಗೂ ಬೇಸರವಾಯಿತು. ಆದರೆ ಕೊಡದಿರುವುದಕ್ಕೂ ಅಕ್ಕನಿಗೆ ಹಕ್ಕಿತ್ತು, ಅದನ್ನು ನಾವೇ ಕಾಗದ ತೋರಿಸಿ ಕಲಿಸಿಕೊಟ್ಟಿದ್ದೆವು.

ಆಟ ಈಗ ನನ್ನ ಫೋನಿನಲ್ಲಿದೆ. ಗಿಳಿ ನನ್ನದು, ಕುದುರೆ ಮೊಮ್ಮಗನದು. ಆಟದೊಳಗೆ ಒಂದು ಕಡೆ ಯಾವುದು ಯಾರದು ಎಂಬ ಪಟ್ಟಿ ಇದೆ. ಚಿತ್ರಗಳು ಎಂಬಲ್ಲಿ ಗಂಡ ಹೆಂಡತಿಯ ಹೆಸರು, ಕಿನ್ನಾಳ. ಸದ್ದು ಎಂಬಲ್ಲಿ ಅವ್ವನ ಹೆಸರು, ಕುಷ್ಟಗಿ, 1996. ಮುದ್ರಣ ಎಂಬಲ್ಲಿ ಕೊನೆಗೆ ನನ್ನದು. ಕವಡಿ ನಾಲ್ಕೂ ಬೋರಲು ಬಿದ್ದಾಗ "ಬಾರಾ!" ಎಂದು ಅವ್ವ ಕೂಗುತ್ತಾಳೆ, ಹಿಂದೆ ಸಣ್ಣಗೆ ಎಮ್ಮೆಯೂ ಕೇಳುತ್ತದೆ. ಎಮ್ಮೆಯನ್ನು ತೆಗೆದುಹಾಕಲು ಹುಡುಗಿಯರು ಬಹಳ ಪ್ರಯತ್ನ ಮಾಡಿದರಂತೆ, ಆಗಲಿಲ್ಲ.

ಯಲಬುರ್ಗಿಯಿಂದ ಅಕ್ಕ ವಾರಕ್ಕೊಮ್ಮೆ ಫೋನು ಮಾಡಿ ಕೇಳುತ್ತಾಳೆ, ಎಷ್ಟು ಜನ ಇಳಿಸಿಕೊಂಡರು ಎಂದು. ಮೊನ್ನೆ ಮಾತ್ರ ಅದನ್ನು ಕೇಳಲಿಲ್ಲ. ಇದರಲ್ಲಿ ಸೋತಾಗ ಕಾಯಿ ಹಿಂದಕ್ಕೆ ಇಡುವುದು ಹೇಗೆ, ಫೋನು ಬಿಡುತ್ತಿಲ್ಲ ಎಂದು ಜಗಳಕ್ಕೇ ನಿಂತಿದ್ದಳು.